ಕಾರ್ಬುರೇಟರ್ ವಾಹನಗಳಲ್ಲಿ ಗಾಳಿ–ಪೆಟ್ರೋಲ್ ಮಿಶ್ರಣದ ಹೊಂದಾಣಿಕೆ: ಇಂಧನ ಮಿತವ್ಯಯ ಮತ್ತು ಸುರಕ್ಷಿತ ಪಿಕಪ್

ಪೀಠಿಕೆ
ಹಳೆಯ ಮಾರುತಿ 800, ಓಮ್ನಿಯಂತಹ ಕಾರ್ಬುರೇಟರ್ ವಾಹನಗಳಲ್ಲಿ ತರಕಾರಿ, ಹೂವು ಸಾಗಿಸುವ ರೈತರು ಮೈಲೇಜ್ ಹೆಚ್ಚಲೆಂದು ಪೆಟ್ರೋಲಿನ ಪ್ರಮಾಣವನ್ನು ತೀರಾ ಇಳಿಸುವುದುಂಟು. ಬನ್ನೇರುಘಟ್ಟ ರಸ್ತೆಯಲ್ಲಿ ಬಂದು ಸುದ್ದಗುಂಟೆಪಾಳ್ಯದ ಬಳಿ ಡೇರಿ ವೃತ್ತವನ್ನು ದಾಟುವಾಗ ಇದರ ಅಪಾಯ ತಿಳಿಯುತ್ತದೆ. ಹೊರೆ ತುಂಬಿದ ವಾಹನ ಬಸ್ಸು, ಲಾರಿಗಳ ನಡುವೆ ಆಕ್ಸಿಲರೇಟರ್ ಒತ್ತಿದೊಡನೆ ಮುಂದೆ ಸಾಗದೆ ತಡವರಿಸಿದರೆ ಹಿಂದಿನಿಂದ ಡಿಕ್ಕಿಯಾಗಬಹುದು. ಆದ್ದರಿಂದ ಪಿಕಪ್ ಕೆಡದಷ್ಟು ಮಾತ್ರ ಪೆಟ್ರೋಲ್ ಕಡಿಮೆ ಮಾಡುವುದು ಸೂಕ್ತ.

ಮಿಶ್ರಣದ ಪ್ರಮಾಣ (1 ಕೆ.ಜಿ. ಪೆಟ್ರೋಲಿಗೆ ಬೇಕಾದ ಗಾಳಿ)
• ಸಂಪೂರ್ಣ ದಹನಕ್ಕೆ: 14.7 ಕೆ.ಜಿ.
• ಸಮವೇಗದ ಮಿತವ್ಯಯ ಚಾಲನೆಗೆ: ಸುಮಾರು 15.5 ರಿಂದ 16 ಕೆ.ಜಿ.
• ಏರು ದಾರಿ, ಪೂರ್ಣ ಹೊರೆ, ವೇಗವರ್ಧನೆಗೆ: ಸುಮಾರು 12.5 ರಿಂದ 13 ಕೆ.ಜಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳುವಾಗಿದೆ. ಮಂಗಳೂರಿನಲ್ಲಿ ಹೊಂದಿಸಿದ ಕಾರ್ಬುರೇಟರ್ ಇಲ್ಲಿ ಪೆಟ್ರೋಲನ್ನು ತುಸು ಹೆಚ್ಚಾಗಿ ಕೊಡುತ್ತದೆ. ಇದಕ್ಕೆ ವಿರುದ್ಧವಾಗಿ, ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸಂಪೂರ್ಣ ದಹನಕ್ಕೆ ಬೇಕಾದ ಗಾಳಿ ಸುಮಾರು 13.5 ಕೆ.ಜಿ. ಮಾತ್ರ. ಹೀಗಾಗಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆಯ ಎಂಜಿನ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ಹೊಂದಾಣಿಕೆಯನ್ನೇ ನೆಚ್ಚದೆ ಈಗಿನ ಇಂಧನಕ್ಕೆ ಮರುಹೊಂದಿಸಬೇಕು.

ಹೊಂದಾಣಿಕೆಗೆ ಮುನ್ನ
1. ಏರ್ ಫಿಲ್ಟರ್ ಸ್ವಚ್ಛಗೊಳಿಸಿ ಅಥವಾ ಬದಲಿಸಿ.
2. ಸ್ಪಾರ್ಕ್ ಪ್ಲಗ್‌ನ ತುದಿ ಪರೀಕ್ಷಿಸಿ. ತಿಳಿ ಕಂದು ಬಣ್ಣವಿದ್ದರೆ ಮಿಶ್ರಣ ಸರಿ, ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಕಡಿಮೆ.
3. ಇಗ್ನಿಷನ್ ಟೈಮಿಂಗ್, ರಬ್ಬರ್ ಕೊಳವೆಗಳ ಬಿರುಕು ಹಾಗೂ ಗಾಳಿಯ ಸೋರಿಕೆ ಪರೀಕ್ಷಿಸಿ.

ಹೊಂದಿಸುವ ಕ್ರಮ
1. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ.
2. ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ ಚೋಕ್ ಪೂರ್ತಿ ತೆರೆದಿದೆಯೇ ನೋಡಿ, ದೀಪಗಳನ್ನು ಆರಿಸಿ.
3. ಐಡ್ಲಿಂಗ್ ಸ್ಕ್ರೂ ಮೂಲಕ ಕೈಪಿಡಿಯಲ್ಲಿ ಸೂಚಿಸಿದ ವೇಗಕ್ಕೆ ತನ್ನಿ.
4. ಮಿಶ್ರಣದ ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿನಂತೆ ತಿರುಗಿಸುತ್ತಾ, ಎಂಜಿನ್ ಅತಿ ಹೆಚ್ಚು ವೇಗದಲ್ಲಿ ನಯವಾಗಿ ಓಡುವ ಸ್ಥಾನ ಗುರುತಿಸಿ. ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಪೆಟ್ರೋಲನ್ನೂ ಕೆಲವದರಲ್ಲಿ ಗಾಳಿಯನ್ನೂ ನಿಯಂತ್ರಿಸುವುದರಿಂದ ತಿರುಗಿಸುವ ದಿಕ್ಕನ್ನು ಮೊದಲೇ ತಿಳಿದುಕೊಳ್ಳಿ. ತಳಕ್ಕೆ ಬಿಗಿಯಾಗಿ ಒತ್ತಿದರೆ ಸ್ಕ್ರೂವಿನ ಮೊನೆ ಹಾಳಾಗುತ್ತದೆ.
5. ವೇಗವನ್ನು ಮತ್ತೆ ಸೂಚಿತ ಮಟ್ಟಕ್ಕೆ ಇಳಿಸಿ, ನಾಲ್ಕನೆಯ ಹಂತವನ್ನು ಇನ್ನೊಮ್ಮೆ ಮಾಡಿ.
6. ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಳತೆ ಮಾಡಿಸಿ.

ಪಿಕಪ್ ಪರೀಕ್ಷೆ
ವಾಡಿಕೆಯ ಹೊರೆಯೊಂದಿಗೆ, ಸಂಚಾರವಿಲ್ಲದ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗುತ್ತಾ ಆಕ್ಸಿಲರೇಟರ್ ಒತ್ತಿ. ವಾಹನ ತಡವರಿಸದೆ ಮುಂದೆ ಸಾಗಿದರೆ ಹೊಂದಾಣಿಕೆ ಸರಿಯಿದೆ. ತಡವರಿಸಿದರೆ ಪೆಟ್ರೋಲನ್ನು ತುಸು ಹೆಚ್ಚಿಸಿ. ಆಗಲೂ ದೋಷ ಉಳಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಹರಿದಿರಬಹುದು. ಒತ್ತಿದ ಕ್ಷಣದಲ್ಲಿ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವುದು ಇದೇ ಭಾಗ. ಇದನ್ನು ಬದಲಿಸದೆ ಸ್ಕ್ರೂ ತಿರುಗಿಸುತ್ತಾ ಹೋದರೆ ಪೆಟ್ರೋಲ್ ವ್ಯರ್ಥವಾಗುವುದೇ ಹೊರತು ದೋಷ ನಿವಾರಣೆಯಾಗದು.

ಎಚ್ಚರಿಕೆಗಳು
• ಮಿಶ್ರಣದ ಸ್ಕ್ರೂ ಮುಖ್ಯವಾಗಿ ಎಂಜಿನ್ ನಿಂತಲ್ಲೇ ಓಡುವಾಗ ಮತ್ತು ವಾಹನ ಹೊರಡುವಾಗ ಪರಿಣಾಮ ಬೀರುತ್ತದೆ. ಹೆದ್ದಾರಿ ಚಾಲನೆಯಲ್ಲಿ ಪೆಟ್ರೋಲ್ ಅಳೆದು ಕೊಡುವುದು ಮೇನ್ ಜೆಟ್.
• ಮೈಲೇಜಿಗಾಗಿ ಚಿಕ್ಕ ಜೆಟ್ ಹಾಕಿಸಬೇಡಿ. ಹೊರೆಯ ಕೆಳಗೆ ಎಂಜಿನ್ ಅತಿಯಾಗಿ ಕಾದು ವಾಲ್ವ್, ಪಿಸ್ಟನ್ ಸುಡಬಹುದು. ಉಳಿಸಿದ ಪೆಟ್ರೋಲಿನ ಹಣಕ್ಕಿಂತ ದುರಸ್ತಿಯ ವೆಚ್ಚವೇ ಹೆಚ್ಚಾದೀತು.
• ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ. ಬೀಡಿ, ಬೆಂಕಿ ಹತ್ತಿರ ಸುಳಿಯದಿರಲಿ.
• ಎಂಪಿಎಫ್ಐ ವಾಹನಗಳಲ್ಲಿ ಆಕ್ಸಿಜನ್ ಸೆನ್ಸರ್ ಮತ್ತು ಕಂಪ್ಯೂಟರ್ ಮಿಶ್ರಣವನ್ನು ನಿರ್ಧರಿಸುತ್ತವೆ. ಅವುಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಉಳಿತಾಯದ ಇತರ ಮಾರ್ಗಗಳು
ಟೈರುಗಳಲ್ಲಿ ಸೂಕ್ತ ಗಾಳಿ, ಹಿಡಿಯದ ಬ್ರೇಕ್, ಮಿತಿಯೊಳಗಿನ ಹೊರೆ, ಸಮವೇಗದ ಚಾಲನೆ ಹಾಗೂ ದೀರ್ಘ ಸಿಗ್ನಲ್‌ಗಳಲ್ಲಿ ಎಂಜಿನ್ ಆರಿಸುವುದು ಯಾವುದೇ ಅಪಾಯವಿಲ್ಲದೆ ಪೆಟ್ರೋಲ್ ಉಳಿಸುತ್ತವೆ. ಹೊಂದಾಣಿಕೆಯ ಮೊದಲು ಮತ್ತು ನಂತರ ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರ್ ಹಾಗೂ ಮತ್ತೆ ತುಂಬಿಸಿದ ಲೀಟರ್‌ಗಳನ್ನು ಬರೆದಿಟ್ಟು ಹೋಲಿಸಿ ನೋಡಿ.