ತಯಾರಿಕೆ ನಿಂತ ಕಾರ್ಡುಗಳು: ಕಾರ್ಖಾನೆ ಸುರಕ್ಷತೆಯ ಬರೆಯದ ಅಧ್ಯಾಯ

ಈಚಿನ ವಿಚಾರ ಸಂಕಿರಣಗಳಲ್ಲಿ ಹಳೆಯ ಸುರಕ್ಷತಾ ನಿಯಂತ್ರಣ ವ್ಯವಸ್ಥೆಗಳ ಮಾತು ಬಂದರೆ ಎರಡೇ ಸ್ಲೈಡು. ಒಂದರಲ್ಲಿ ದೂಳು ಹಿಡಿದ ಪ್ಯಾನೆಲ್, ಇನ್ನೊಂದರಲ್ಲಿ ಅದರ ಜಾಗಕ್ಕೆ ಬರಲಿರುವ ಹೊಸದು. ತಯಾರಕರು ಕೈಬಿಟ್ಟ ಮೇಲೂ ಆ ಪ್ಯಾನೆಲ್ಲನ್ನು ವರ್ಷಗಟ್ಟಲೆ ಯಾರು, ಎಲ್ಲಿಂದ ತಂದ ಕಾರ್ಡು ಹಾಕಿ ನಡೆಸಿದರು ಎಂದು ಕೇಳುವವರಿಲ್ಲ. ಸ್ಪೇರ್ ಹುಡುಕುವುದು ಖರೀದಿ ವಿಭಾಗದ ಗುಮಾಸ್ತಿಕೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲೇ ವೃತ್ತಿ ಸವೆಸಿದ ನನಗೆ ಇದು ಒಪ್ಪಿಗೆಯಿಲ್ಲ. ಈ ಕೆಲಸಕ್ಕೂ ಒಂದು ಚರಿತ್ರೆಯಿದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. ಬಹುಕಾಲ ಇಂಟರ್‌ಲಾಕ್ ಎಂದರೆ ರಿಲೇ. ಬಾಯ್ಲರ್‌ನಲ್ಲಿ ಜ್ವಾಲೆ ಆರಿದರೆ ಇಂಧನ ನಿಲ್ಲಬೇಕು, ಒತ್ತಡ ಮಿತಿ ಮೀರಿದರೆ ಕವಾಟ ಮುಚ್ಚಬೇಕು. ಕಾಯಿಲ್‌ಗೆ ಕರೆಂಟು ತಪ್ಪಿದೊಡನೆ ಸ್ಪ್ರಿಂಗ್ ಎಳೆದು ಟ್ರಿಪ್ ಆಗುತ್ತಿತ್ತು. ಕಾಯಿಲ್ ವೋಲ್ಟೇಜು, ಕಾಂಟ್ಯಾಕ್ಟುಗಳ ಸಂಖ್ಯೆ, ಬೇಸು ಹೊಂದಿದರೆ ಯಾವ ಕಂಪನಿಯ ರಿಲೇ ಆದರೂ ನಡೆಯುತ್ತಿತ್ತು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಂಜೆಯೊಳಗೆ ಸಿಗುತ್ತಿತ್ತು. ನಡೆಯುತ್ತಿತ್ತು ಎಂದೆ, ಸರಿಯಾಗಿತ್ತು ಎನ್ನಲಿಲ್ಲ. ಸಾಧಾರಣ ರಿಲೇಯ ಕಾಂಟ್ಯಾಕ್ಟು ಕಾದು ಬೆಸೆದುಕೊಂಡರೆ ಟ್ರಿಪ್ ಆಗುವುದೇ ಇಲ್ಲ. ರೈಲ್ವೆ ಸಿಗ್ನಲ್ ವಿಭಾಗದವರು ಇದಕ್ಕೆಂದೇ ಲೋಹಕ್ಕೆ ಕಾರ್ಬನ್ ತಾಗುವ ಕ್ಯೂ ಸರಣಿಯ ರಿಲೇ ಇಟ್ಟುಕೊಂಡರು. ಆ ಎಚ್ಚರ ನಮ್ಮ ಕಾರ್ಖಾನೆಗಳಿಗೆ ಪೂರ್ತಿಯಾಗಿ ಬರಲೇ ಇಲ್ಲ.

ಆಮೇಲೆ ಟ್ರಾನ್ಸಿಸ್ಟರ್ ತರ್ಕದ ಕಾರ್ಡುಗಳು. ಜರ್ಮನಿಯ ಹಿಮಾ ಕಂಪನಿಯ ‘ಪ್ಲಾನಾರ್’ ಇವುಗಳಲ್ಲಿ ಹೆಸರುವಾಸಿ. ಒಳಗಿನ ಯಾವ ಭಾಗ ಕೆಟ್ಟರೂ ಔಟ್‌ಪುಟ್ ಸೊನ್ನೆಗೇ ಬೀಳಬೇಕು ಎಂಬುದು ಅದರ ರಚನೆಯ ಸೂತ್ರ. ಈ ಮಾದರಿಯ ಕಾರ್ಡು ಕಂಡವರು ನಮ್ಮ ಕಡೆ ಕಡಿಮೆ.

ನಿಜವಾದ ಕಥೆ ಶುರುವಾಗುವುದು ಮೈಕ್ರೋಪ್ರೊಸೆಸರ್ ಬಂದ ಮೇಲೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರೈಕೊನೆಕ್ಸ್ ಹುಟ್ಟಿತು. ಮೂರು ಪ್ರೊಸೆಸರ್ ಒಂದೇ ಲೆಕ್ಕ ಮಾಡುವುದು, ಎರಡು ಒಪ್ಪಿದ್ದೇ ತೀರ್ಪು. ಗ್ಯಾಸ್ ಟರ್ಬೈನ್‌ಗಳಲ್ಲಿ ಜಿಇ ಕಂಪನಿಯ ಸ್ಪೀಡ್‌ಟ್ರಾನಿಕ್ ಮಾರ್ಕ್-5 ಇದೇ ದಾರಿ ಹಿಡಿಯಿತು. ಅದರ ಆರ್, ಎಸ್, ಟಿ ಎಂಬ ಮೂರು ಕೋರ್‌ಗಳ ಹೆಸರು ನಮ್ಮ ತಲೆಮಾರಿನ ಟರ್ಬೈನ್ ಎಂಜಿನಿಯರುಗಳ ಬಾಯಲ್ಲಿ ಸದಾ ಇರುತ್ತಿತ್ತು. ಮೂರರಲ್ಲಿ ಒಂದು ಕೆಟ್ಟರೂ ಯಂತ್ರ ನಿಲ್ಲದು. ಸ್ಪೇರ್ ಸಮಸ್ಯೆಯ ಬೇರು ಇರುವುದು ಈ ಗುಣದಲ್ಲೇ ಎಂದು ನನ್ನ ಅಭಿಪ್ರಾಯ. ರಿಲೇ ಕಾಲದಲ್ಲಿ ಬಿಡಿಭಾಗ ಇಲ್ಲದಿದ್ದರೆ ಉತ್ಪಾದನೆ ನಿಲ್ಲುತ್ತಿತ್ತು, ಮೇಲಿನವರು ಎದ್ದು ಓಡಾಡುತ್ತಿದ್ದರು. ಈಗ ಕೆಂಪು ದೀಪ ಉರಿಯುತ್ತಿದ್ದರೂ ‘ಇನ್ನೆರಡು ಇವೆಯಲ್ಲ’ ಎಂಬ ಸಮಾಧಾನ. ಎರಡನೆಯದೂ ಕೈಕೊಡುವ ಹೊತ್ತಿಗೆ ತಯಾರಕರು ಆ ಕಾರ್ಡಿನ ಕೊನೆಯ ಆರ್ಡರ್ ಮುಗಿಸಿ ವರ್ಷಗಳಾಗಿರುತ್ತಿದ್ದವು.

1990ರ ದಶಕದ ನಡುವಿನಿಂದ ಮುಂದಿನ ಹದಿನೈದು ವರ್ಷವನ್ನು ನಾನು ರಿಪೇರಿ ಯುಗ ಎನ್ನುತ್ತೇನೆ. ಪೀಣ್ಯದ ಸಣ್ಣ ವರ್ಕ್‌ಶಾಪುಗಳು, ಕಾರ್ಖಾನೆಗಳ ಒಳಗಿನ ಎಲೆಕ್ಟ್ರಾನಿಕ್ಸ್ ಲ್ಯಾಬುಗಳು, ಬೆಸುಗೆ ಕಡ್ಡಿ ಹಿಡಿದ ತಂತ್ರಜ್ಞರು ಕಾರ್ಡಿಗೆ ಕಾರ್ಡು ಉಳಿಸಿದರು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎ.ಸಿ. ಕೆಟ್ಟ ಕಂಟ್ರೋಲ್ ರೂಮಿನಲ್ಲಿ ಪವರ್ ಸಪ್ಲೈಗಳು ಮೊದಲು ಸಾಯುತ್ತಿದ್ದುದು ಇದರಿಂದಲೇ. ಅವನ್ನು ಕಳಚಿ ಹೊಸ ಕೆಪಾಸಿಟರ್ ಹಾಕುವ ಕೈ ಎಲ್ಲರಿಗೂ ಬಂತು. ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸುವಾಗ ಮಾತ್ರ ಒಳ್ಳೆಯ ತಂತ್ರಜ್ಞ ತಡೆದು ನಿಲ್ಲುತ್ತಿದ್ದ. ವೋಲ್ಟೇಜು, ಆಂಪಿಯರ್ ಎರಡೂ ಹೊಂದುವ ಬದಲಿ ಸಿಕ್ಕಿದರೂ ಅವನ ಪ್ರಶ್ನೆ ಬೇರೆ: ಇದು ಕೆಟ್ಟರೆ ಹೇಗೆ ಕೆಡುತ್ತದೆ? ಶಾರ್ಟ್ ಆಗಿ ಕೂತರೆ ಕವಾಟದ ಸೊಲೆನಾಯ್ಡ್‌ಗೆ ಕರೆಂಟು ಹರಿಯುತ್ತಲೇ ಇರುತ್ತದೆ, ಟ್ರಿಪ್ ಆದೇಶ ಬಂದರೂ ಕವಾಟ ಮುಚ್ಚದು. ಮೂಲ ವಿನ್ಯಾಸದಲ್ಲಿ ಇದನ್ನು ಹಿಡಿಯಲೆಂದೇ ಪರೀಕ್ಷಾ ಪಲ್ಸ್‌ಗಳಿರುತ್ತವೆ. ಬದಲಿ ಟ್ರಾನ್ಸಿಸ್ಟರಿನ ವೇಗ ಆ ಪಲ್ಸಿಗೆ ಹೊಂದದಿದ್ದರೆ ಕಾರ್ಡು ಸುಳ್ಳು ದೋಷ ತೋರಿಸುತ್ತದೆ, ಇಲ್ಲವೇ ನಿಜದ ದೋಷ ಕಾಣದಾಗುತ್ತದೆ. ಸುರಕ್ಷತೆಯ ಕಾರ್ಡು ಕೆಲಸ ಮಾಡಿದರೆ ಸಾಲದು, ಕೆಡುವಾಗಲೂ ಸರಿಯಾಗಿ ಕೆಡಬೇಕು. ಇಷ್ಟನ್ನು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಿರಲಿಲ್ಲ.

ಇದೇ ಅವಧಿಯಲ್ಲಿ ಬ್ರೋಕರ್‌ಗಳು ಕಾಲಿಟ್ಟರು. ಮಧ್ಯವರ್ತಿಯೊಬ್ಬರು ‘ಹೊಸದು, ಬಳಸದ್ದು’ ಎಂದು ಕಳಿಸಿದ ಔಟ್‌ಪುಟ್ ಕಾರ್ಡೊಂದನ್ನು ಭೂತಗನ್ನಡಿ ಹಿಡಿದು ನೋಡಿದ ನೆನಪಿದೆ. ಹಿಂಬದಿಯ ಚಿನ್ನದ ಲೇಪದ ಕನೆಕ್ಟರಿನ ಮೇಲೆ ತೂರಿಸಿ ತೆಗೆದ ಗೀರುಗಳು. ಚಿಪ್ಪುಗಳ ಮೇಲಿನ ನಾಲ್ಕಂಕಿಯ ಡೇಟ್ ಕೋಡ್ ಹೆಚ್ಚಿನವುಗಳಲ್ಲಿ 8734, ಅಂದರೆ 1987ರ 34ನೇ ವಾರ. ಮೂರು ಆಪ್ಟೊಕಪ್ಲರ್‌ಗಳಲ್ಲಿ ಮಾತ್ರ ಅದಕ್ಕಿಂತ ಎಷ್ಟೋ ಈಚಿನದು. ಅಸಿಟೋನ್ ಅದ್ದಿದ ಹತ್ತಿಯಿಂದ ಆ ಮೂರನ್ನು ಉಜ್ಜಿದರೆ ಹತ್ತಿ ಕಪ್ಪಾಯಿತು. ಹಳೆಯ ಅಕ್ಷರ ಉಜ್ಜಿ ತೆಗೆದು, ಕರಿ ಲೇಪ ಬಳಿದು, ಬೇರೆ ನಂಬರು ಮುದ್ರಿಸಿದ್ದರು. ಬೆಂಚಿನ ಮೇಲೆ ಆ ಕಾರ್ಡು ಸಲೀಸಾಗಿ ಕೆಲಸ ಮಾಡಿತ್ತು ಎನ್ನುವುದನ್ನೂ ಹೇಳಬೇಕು.

ಈ ವಿದ್ಯೆಗೆ ಶಿಸ್ತು ತಂದವರು ಅಣುವಿದ್ಯುತ್ತಿನವರು. ಅಮೆರಿಕದಲ್ಲಿ ಹಳೆಯ ಸ್ಥಾವರಗಳಿಗೆ ಪರಮಾಣು ದರ್ಜೆಯ ಬಿಡಿಭಾಗ ಮಾಡುವವರು ಒಬ್ಬೊಬ್ಬರಾಗಿ ಹಿಂದೆ ಸರಿದಾಗ, ವಿದ್ಯುತ್ ಸಂಶೋಧನಾ ಸಂಸ್ಥೆಯಾದ ಇಪಿಆರ್‌ಐ 1988ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಮಾರುಕಟ್ಟೆಯ ಸಾಧಾರಣ ಭಾಗವನ್ನೇ ತೆಗೆದುಕೊಳ್ಳಿ. ಸುರಕ್ಷತೆ ಅದರ ಯಾವ ಗುಣಗಳ ಮೇಲೆ ನಿಂತಿದೆ ಎಂದು ಗುರುತಿಸಿ. ಆ ಗುಣಗಳನ್ನು ನೀವೇ ಪರೀಕ್ಷಿಸಿ ದಾಖಲಿಸಿ. ಮರುವರ್ಷವೇ ಅಲ್ಲಿನ ನಿಯಂತ್ರಣ ಆಯೋಗ ನಕಲಿ ಭಾಗಗಳ ಬಗ್ಗೆ ಸುತ್ತೋಲೆ ಕಳಿಸಿತು. ನನಗೆ ಈ ಪಂಥದ ಮೇಲೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಇಷ್ಟು ಶಿಸ್ತಿದ್ದೂ 2005ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಸ್ಥಾವರದ ಮೂರನೇ ಘಟಕ ಟ್ರಿಪ್ ಆಯಿತು. ರಕ್ಷಣಾ ವ್ಯವಸ್ಥೆಯ ಕಾರ್ಡೊಂದರಲ್ಲಿ ತವರದ ಲೇಪದಿಂದ ಬೆಳೆದ ಕೂದಲೆಳೆಯಂಥ ತಂತು ಶಾರ್ಟ್ ಮಾಡಿತ್ತು. ಲೇಪಕ್ಕೆ ಸ್ವಲ್ಪ ಸೀಸ ಬೆರೆತಿದ್ದರೆ ಈ ತಂತು ಸಾಮಾನ್ಯವಾಗಿ ಬೆಳೆಯುವುದಿಲ್ಲ. 2006ರ ಜುಲೈ 1ರಿಂದ ಯುರೋಪು ಸೀಸಕ್ಕೆ ನಿರ್ಬಂಧ ಹೇರಿತು. ಕಾರ್ಖಾನೆಯ ನಿಯಂತ್ರಣ ಉಪಕರಣಗಳಿಗೆ ಆಗ ವಿನಾಯಿತಿ ಇದ್ದರೂ ಚಿಪ್ ತಯಾರಕರು ನಮಗಾಗಿ ಬೇರೆ ಸಾಲು ನಡೆಸಲಿಲ್ಲ, ಸೀಸವಿದ್ದ ಹಳೆಯ ಭಾಗಗಳು ಸಾಲುಸಾಲಾಗಿ ನಿಂತವು.

ಸಣ್ಣ ಗಿರಾಕಿಗೆ ಯಾವತ್ತೂ ಇದೇ ಪಾಡು. ನಾಸಾದಂಥ ನಾಸಾ 2002ರಲ್ಲಿ ಬಾಹ್ಯಾಕಾಶ ನೌಕೆಯ ಬೂಸ್ಟರ್ ಪರೀಕ್ಷಾ ಉಪಕರಣಗಳಿಗೆ 8086 ಚಿಪ್ ಬೇಕೆಂದು ಹಳೆಯ ಸಾಮಾನಿನ ಆನ್‌ಲೈನ್ ಸಂತೆಯಲ್ಲಿ ಹುಡುಕುತ್ತಿತ್ತು. ಕಾರ್ಡು ಸಿಕ್ಕರೂ ಅದರ ಜೊತೆ ಮಾತಾಡುವ ಕಂಪ್ಯೂಟರ್ ಸಿಗದ ಕಾಲವೂ ಬಂತು. ಮಾರ್ಕ್-5ರ ಆಪರೇಟರ್ ಕಂಪ್ಯೂಟರ್ ಡಾಸ್‌ನಲ್ಲಿ ಓಡುವಂಥದು, ಆರ್ಕ್‌ನೆಟ್ ಜಾಲಕ್ಕೆ ಅದರೊಳಗೆ ಹಳೆಯ ಸ್ಲಾಟಿನ ಕಾರ್ಡು ಬೇಕು. ಕೋಟಿಗಟ್ಟಲೆ ಬೆಲೆಯ ಟರ್ಬೈನಿಗಾಗಿ ಗುಜರಿಯಿಂದ ಮದರ್‌ಬೋರ್ಡ್ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ಎಂಜಿನಿಯರುಗಳಿದ್ದಾರೆ.

ಹಳೆಯ ಕಾರ್ಡುಗಳ ಈ ಸಂತೆಗೆ ಇನ್ನೊಂದು ಅಪಾಯವೂ ಇದೆ. 2017ರಲ್ಲಿ ಸೌದಿ ಅರೇಬಿಯಾದ ಸ್ಥಾವರವೊಂದರಲ್ಲಿ ‘ಟ್ರೈಟಾನ್’ ಎಂಬ ಕುತಂತ್ರಾಂಶ ಟ್ರೈಕೊನೆಕ್ಸ್ ಕಂಟ್ರೋಲರಿನ ಒಳಗೇ ಕೈ ಹಾಕಿತು. ಕಂಟ್ರೋಲರಿನ ಕೀಲಿಯನ್ನು ಪ್ರೋಗ್ರಾಂ ಸ್ಥಾನದಲ್ಲೇ ಬಿಟ್ಟಿದ್ದರು. ಮುಂಚೆಯೇ ಪರೀಕ್ಷೆ ಮಾಡಿಕೊಳ್ಳಲು ದಾಳಿಕೋರರ ಬಳಿ ಅಂಥ ಉಪಕರಣ ಇದ್ದಿರಲೇಬೇಕು ಎಂದು ತಜ್ಞರು ಊಹಿಸಿದರು. ನಾವು ಸ್ಪೇರ್ ಹುಡುಕುವ ಸಂತೆ ಅವರಿಗೂ ತೆರೆದೇ ಇದೆ. ಎಲ್ಲಿಂದಲೋ ಬಂದ ಬಳಸಿದ ಪ್ರೊಸೆಸರ್ ಕಾರ್ಡಿನೊಳಗೆ ಯಾರ ಫರ್ಮ್‌ವೇರ್ ಇದೆ ಎಂದು ಅದರ ಮೈ ನೋಡಿ ಹೇಳಲಾಗದು. ರಿಪೇರಿ ಯುಗದವರು ಈ ಪ್ರಶ್ನೆ ಕೇಳಿದವರೇ ಅಲ್ಲ.

ಮಾನದಂಡಗಳು ಏನೆನ್ನುತ್ತವೆ? ಐಇಸಿ 61508ರ ಭಾಗಗಳು 1998ರಿಂದ ಬಂದವು, ಪ್ರಕ್ರಿಯಾ ಉದ್ದಿಮೆಗಳ ಐಇಸಿ 61511 ಬಂದದ್ದು 2003ರಲ್ಲಿ. ವಿನ್ಯಾಸದ ಬಗ್ಗೆ ಪುಟಗಟ್ಟಲೆ ಹೇಳುವ ಇವು ತಯಾರಿಕೆ ನಿಂತ ಭಾಗದ ವಿಷಯದಲ್ಲಿ ಬಲು ಮಿತಭಾಷಿ. ಅದಕ್ಕೆಂದೇ ಇರುವ ಐಇಸಿ 62402ರ ಹೆಸರು ನಮ್ಮ ಕಾರ್ಖಾನೆಗಳ ಇಂಡೆಂಟುಗಳಲ್ಲಿ ನನಗೆ ಕಂಡಿಲ್ಲ. ಸಿಲ್ (ಸುರಕ್ಷತಾ ಸಮಗ್ರತೆಯ ಮಟ್ಟ) ಲೆಕ್ಕಾಚಾರದ ಹಾಳೆ ತೆಗೆದರೆ ದುರಸ್ತಿ ಅವಧಿಯ ಕಾಲಂನಲ್ಲಿ ವಾಡಿಕೆಯಂತೆ 8 ಗಂಟೆ ಎಂದಿರುತ್ತದೆ. ಸ್ಟೋರ್ಸ್‌ನಲ್ಲಿ ಕಾರ್ಡೇ ಇಲ್ಲ, ಹೊರಗಿಂದ ತರಿಸಲು ಟೆಂಡರ್ ಕರೆಯಬೇಕು, ಎಲ್-1 ಆದವನಿಗೇ, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವನಿಗೇ, ಆರ್ಡರ್ ಕೊಡಬೇಕು. ಎಲ್-1 ಆಗುವವನು ಯಾರು ಎಂದರೆ ಆ ಕರಿ ಲೇಪದ ಕಾರ್ಡು ಕಳಿಸಿದಂಥವನೇ. ಇಷ್ಟಾದರೂ ಆ 8 ಗಂಟೆಯನ್ನು ತಿಂಗಳುಗಳಾಗಿ ತಿದ್ದಿ ಲೆಕ್ಕ ಮತ್ತೆ ಮಾಡಿದ ಆಡಿಟ್ ವರದಿ ಎಲ್ಲಿದೆ?

1976ರಲ್ಲಿ ಮಾರುಕಟ್ಟೆಗೆ ಬಂದ ಜೆಡ್80 ಚಿಪ್ಪಿನ ಮೂಲ ಸಾಲಿಗೆ ಝೈಲಾಗ್ ಕಂಪನಿ 2024ರ ಜೂನ್ 14ಕ್ಕೆ ಕೊನೆಯ ಆರ್ಡರ್ ಎಂದು ಘೋಷಿಸಿತು. ಯಾವ ಪ್ಯಾನೆಲ್‌ನ ಯಾವ ಕಾರ್ಡಿನಲ್ಲಿ ಆ ಚಿಪ್ ಇದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲವರು ಬಹುತೇಕ ನಿವೃತ್ತರಾಗಿದ್ದಾರೆ. ಅವರು ಬರೆದಿಟ್ಟ ಲಾಗ್‌ಬುಕ್ಕುಗಳಲ್ಲಿ ‘ಕಾರ್ಡು ಬದಲಿಸಲಾಯಿತು’ ಎಂಬ ಸಾಲು ಸಿಗುತ್ತದೆ. ತೆಗೆದ ಕಾರ್ಡು ಹೇಗೆ ಕೆಟ್ಟಿತ್ತು ಎನ್ನುವುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಈಗಿನ ಕಂಪ್ಯೂಟರ್ ಫಾರ್ಮಿನಲ್ಲೂ ಇಲ್ಲ.