ಜಲಸಂಧಿಯಲ್ಲದ ಜಲಸಂಧಿ

ಭೂಪಟದ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಆದರೆ ಒಂದೊಂದು ಹೆಸರಿನ ಹಿಂದೆಯೂ ಒಬ್ಬರ ಆಸೆ, ಇನ್ನೊಬ್ಬರ ಭ್ರಾಂತಿ, ಹಲವರ ಕಷ್ಟ ಅಡಗಿರುವುದುಂಟು. ಕೆನಡಾ ದೇಶದ ಉತ್ತರದಲ್ಲಿರುವ ಫ್ರೋಬಿಷರ್ ಕೊಲ್ಲಿಯು ಇದಕ್ಕೊಂದು ನಿದರ್ಶನ.

ಈ ಕೊಲ್ಲಿಯು ಬ್ಯಾಫಿನ್ ದ್ವೀಪದ ಆಗ್ನೇಯ ಭಾಗವನ್ನು ಸೀಳಿಕೊಂಡು ವಾಯವ್ಯಾಭಿಮುಖವಾಗಿ ಸುಮಾರು ೨೩೦ ಕಿಲೋಮೀಟರು ಒಳಹೊಕ್ಕಿದೆ. ಬಾಯಿಯಲ್ಲಿ ಇದರ ಅಗಲ ಸುಮಾರು ೪೦ ಕಿಲೋಮೀಟರು, ಒಳಹೋದಂತೆಲ್ಲ ಕಿರಿದಾಗುತ್ತದೆ. ವರ್ಷದ ಬಹುಭಾಗ ನೀರು ಹೆಪ್ಪುಗಟ್ಟಿರುತ್ತದೆ. ಕೊಲ್ಲಿಯ ತುದಿಯಲ್ಲಿ ಭರತ ಇಳಿತಗಳ ಅಂತರ ಕೆಲವು ದಿನಗಳಲ್ಲಿ ಹತ್ತು ಮೀಟರಿಗೂ ಮಿಕ್ಕುತ್ತದೆ.

ಕ್ರಿ. ಶ. ೧೫೭೬ರಲ್ಲಿ ಇಂಗ್ಲೆಂಡಿನ ನಾವಿಕ ಮಾರ್ಟಿನ್ ಫ್ರೋಬಿಷರನು ಚೀನಾ ದೇಶಕ್ಕೆ ವಾಯವ್ಯ ಮಾರ್ಗವನ್ನು ಅರಸುತ್ತ ಇಲ್ಲಿಗೆ ಬಂದನು. ಹೊರಟಾಗ ಇದ್ದ ಹಡಗುಗಳಲ್ಲಿ ಚಿಕ್ಕದೊಂದು ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು, ಇನ್ನೊಂದು ಹಿಂದಿರುಗಿತು, ‘ಗೇಬ್ರಿಯಲ್’ ಒಂದೇ ಮುಂದುವರಿಯಿತು. ಎರಡೂ ಕಡೆ ನೆಲ, ನಡುವೆ ನೀರು! ಬಲಗಡೆಯದು ಏಷ್ಯಾ, ಎಡಗಡೆಯದು ಅಮೆರಿಕ ಎಂದೇ ಆತ ನಂಬಿದನು. ದಕ್ಷಿಣದ ಜಲಸಂಧಿಗೆ ಮೆಗಲನ್ನನ ಹೆಸರಿರುವಂತೆ ಉತ್ತರದ ಈ ಜಲಸಂಧಿಗೆ ತನ್ನ ಹೆಸರನ್ನಿಟ್ಟನು.

ಅಲ್ಲಿಂದ ತಂದ ಒಂದು ಕಪ್ಪು ಕಲ್ಲಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಲಂಡನ್ನಿನಲ್ಲಿ ಹಬ್ಬಿತು. ಮಾರ್ಗಶೋಧನೆ ಹಿಂದೆ ಬಿತ್ತು, ಗಣಿಗಾರಿಕೆ ಮುಂದಾಯಿತು. ೧೫೭೭ರಲ್ಲಿ ಮೂರು ಹಡಗುಗಳು, ೧೫೭೮ರಲ್ಲಿ ಹದಿನೈದು ಹಡಗುಗಳು ಹೊರಟವು. ಎಲಿಜಬೆತ್ ರಾಣಿಯು ಆ ನಾಡಿಗೆ ‘ಮೆಟಾ ಇನ್‌ಕಾಗ್ನಿಟಾ’, ಎಂದರೆ ‘ಅರಿಯದ ಎಲ್ಲೆ’, ಎಂದು ಲ್ಯಾಟಿನ್ ಹೆಸರಿಟ್ಟಳು. ಸಾವಿರ ಟನ್ನಿಗೂ ಮಿಕ್ಕಿ ತಂದ ಕಲ್ಲು ಕಡೆಗೆ ಬರಿಯ ಕಲ್ಲೇ ಆಯಿತು. ಹಣ ಹೂಡಿಸಿದ ವರ್ತಕ ಮೈಕೇಲ್ ಲಾಕನು ಸಾಲಕ್ಕಾಗಿ ಸೆರೆಮನೆ ಕಂಡನು. ಬಲಾತ್ಕಾರವಾಗಿ ಒಯ್ದಿದ್ದ ನಾಲ್ವರು ಇನ್ಯುಯಿಟ್ ಜನ, ಅವರಲ್ಲಿ ಒಂದು ಕೂಸು, ಇಂಗ್ಲೆಂಡಿನಲ್ಲಿ ಬಹುಬೇಗ ತೀರಿಕೊಂಡರು. ಮೊದಲ ವರ್ಷ ದಡಕ್ಕೆ ಹೋದ ಐವರು ನಾವಿಕರು ಮರಳಲೇ ಇಲ್ಲ.

ಮುಂದೆ ನಡೆದುದು ಇನ್ನೂ ವಿಚಿತ್ರ. ಅಂದಿನ ಭೂಪಟಗಳ ಗೊಂದಲದಿಂದಾಗಿ ಫ್ರೋಬಿಷರನ ಜಲಸಂಧಿಯು ಗ್ರೀನ್‌ಲೆಂಡಿನ ದಕ್ಷಿಣಕ್ಕೆ ಸರಿದುಬಿಟ್ಟಿತು. ೧೫೮೭ರಲ್ಲಿ ನಿಜವಾದ ಕೊಲ್ಲಿಯ ಬಾಯಿಯ ಮುಂದೆಯೇ ಸಾಗಿದ ಜಾನ್ ಡೇವಿಸನು ಅದನ್ನು ಗುರುತಿಸದೆ ‘ಲಮ್ಲಿಯ ಒಳಚಾಚು’ ಎಂದು ಹೊಸ ಹೆಸರಿಟ್ಟನು. ಹೀಗೆ ಹೆಸರೊಂದು ಕಡೆ, ಸ್ಥಳವೊಂದು ಕಡೆ!

ಈ ಗಂಟನ್ನು ಬಿಡಿಸಿದವನು ಅಮೆರಿಕದ ಚಾರ್ಲ್ಸ್ ಫ್ರಾನ್ಸಿಸ್ ಹಾಲ್. ಆತನು ೧೮೬೧ರಲ್ಲಿ ಕೊಲ್ಲಿಯ ತುದಿಯವರೆಗೆ ಹೋಗಿ, ಮುಂದೆ ದಾರಿಯಿಲ್ಲವೆಂದು ಕಣ್ಣಾರೆ ಕಂಡನು. ಆತನಿಗೆ ನೆರವಾದುದು ಇನ್ಯುಯಿಟ್ ಜನರ ನೆನಪು. ಬಹು ಹಿಂದೆ ಬಿಳಿಯರು ಬಂದರು, ಮೊದಲು ಕೆಲವೇ ಹಡಗುಗಳು, ಕಡೆಗೆ ಬಹಳ ಹಡಗುಗಳು. ಐವರು ಇಲ್ಲಿಯೇ ಉಳಿದರು ಎಂದು ವೃದ್ಧೆಯೊಬ್ಬಳು ಹೇಳಿದಳು. ‘ಬಿಳಿಯರ ದ್ವೀಪ’ವೆಂಬ ಅರ್ಥದ ಹೆಸರುಳ್ಳ ಕೊಡ್ಲುನಾರ್ನ್ ದ್ವೀಪದಲ್ಲಿ ಕಲ್ಲಿದ್ದಲು, ಹೆಂಚಿನ ಚೂರು, ಕಬ್ಬಿಣ ಸಿಕ್ಕವು. ಲಿಪಿಯ ನೆರವಿಲ್ಲದೆ, ತಾಯಿಯ ಬಾಯಿಂದ ಮಗುವಿನ ಕಿವಿಗೆ ಹರಿದುಬಂದ ಆ ಕಥೆ ೨೮೩ ವರ್ಷ ಸತ್ಯವನ್ನು ಕಾಪಾಡಿತ್ತು. ಅಚ್ಚಾದ ಭೂಪಟಗಳಿಗೆ ಅದು ಸಾಧ್ಯವಾಗಿರಲಿಲ್ಲ.

ಇನ್ಯುಯಿಟ್ ಭಾಷೆಯಲ್ಲಿ ಈ ಕೊಲ್ಲಿಗೆ ತಾಸಿಯುಯಾರ್ಯುಆಕ್ ಎಂದು ಹೆಸರು. ಕೆರೆಯನ್ನು ಹೋಲುವ ದೊಡ್ಡ ನೀರೆಂದು ಅದರ ಭಾವ. ಕೆರೆಗೆ ಆಚೆಯ ದಡವಿರುತ್ತದೆ, ಜಲಸಂಧಿಗೆ ಇರುವುದಿಲ್ಲ. ನಾವಿಕರು ತಿಳಿಯಲಾರದೆ ಹೋದುದನ್ನು ಆ ಹೆಸರು ಒಂದೇ ಮಾತಿನಲ್ಲಿ ಹೇಳುತ್ತದೆ. ಕೊಲ್ಲಿಯ ತುದಿಯ ಊರಿಗೂ ಫ್ರೋಬಿಷರ್ ಬೇ ಎಂಬ ಹೆಸರೇ ಇತ್ತು. ೧೯೮೭ರಲ್ಲಿ ಅದು ‘ಬಹಳ ಮೀನುಗಳ ತಾಣ’ವೆಂಬ ಅರ್ಥದ ಇಕಾಲುಯಿಟ್ ಎಂಬ ತನ್ನ ನಾಡಹೆಸರನ್ನು ಮರಳಿ ಪಡೆಯಿತು, ೧೯೯೯ರಲ್ಲಿ ನೂನಾವುಟ್ ಪ್ರಾಂತದ ರಾಜಧಾನಿಯಾಯಿತು.

ಹೊರಗಿನಿಂದ ಬಂದವನು ಇಟ್ಟ ಹೆಸರು ಅವನ ಆಸೆಯನ್ನು ಹೇಳುತ್ತದೆ. ಅಲ್ಲಿ ಬಾಳಿದವರು ಇಟ್ಟ ಹೆಸರು ಆ ನೆಲವನ್ನು ಹೇಳುತ್ತದೆ. ಊರ ಹೆಸರೊಂದರ ಅರ್ಥ ತಿಳಿಯಬೇಕಾದಾಗ ಪುಸ್ತಕವನ್ನು ತೆರೆಯುವುದು ಸರಿಯೇ. ಜೊತೆಗೆ ಆ ಊರಿನ ಅಜ್ಜಿಯನ್ನೂ ಕೇಳುವುದು ಲೇಸು.