ದೂರವಾಣಿ ನಗರದ ಪಕ್ಕದಲ್ಲಿ ಎರಡು ತಲೆಮಾರು

ಬೆಂಗಳೂರಿನ ರಾಮಮೂರ್ತಿ ನಗರದ ಹಿರಿಯರ ಕಥೆ ಪಕ್ಕದ ದೂರವಾಣಿ ನಗರದಿಂದ ಶುರುವಾಗಬೇಕು. 1948ರಲ್ಲಿ ಅಲ್ಲಿ ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆ ಹುಟ್ಟಿತು. ಊರೂರಿಂದ ಬಂದು ಕೆಲಸಕ್ಕೆ ಸೇರಿದ ಹುಡುಗರಲ್ಲಿ ಅನೇಕರು ನಿವೃತ್ತರಾದ ಮೇಲೂ ಸುತ್ತಲಿನ ಬಡಾವಣೆಗಳಲ್ಲೇ ಉಳಿದರು. ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಕೈಗಳು! ಮಕ್ಕಳು ಪರದೇಶ ಸೇರಿದ ಎಷ್ಟೋ ಮನೆಗಳಲ್ಲಿ ಈಗ ಫೋನು ಬಂದರೆ ಅದೇ ದಿನದ ಸುದ್ದಿ.

ಹಿಂದೆ ಹಿರಿಯರನ್ನೂ ಕಿರಿಯರನ್ನೂ ಬೆಸೆಯಲು ಕಾರ್ಯಕ್ರಮ ಬೇಕಿರಲಿಲ್ಲ. ಮೊಮ್ಮಗ ಅಜ್ಜಿಗೆ ಕಾಗದ ಓದಿ ಹೇಳುತ್ತಿದ್ದ, ತಾತ ಅವನಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಜಗಲಿ ಹೋಗಿ ಗ್ರಿಲ್ಲು ಬಂತು. ಆ ಕೊಡುಕೊಳ್ಳುವಿಕೆಯೂ ಕರಗಿತು.

ಸಂಸ್ಥೆಗಳು ಆಮೇಲೆ ಬಂದವು. 1978ರಲ್ಲಿ ನೋಂದಣಿಯಾದ ಹೆಲ್ಪ್‌ಏಜ್ ಇಂಡಿಯಾ ಶಾಲಾಮಕ್ಕಳನ್ನೇ ಹಿರಿಯರ ಪರ ನಿಧಿ ಸಂಗ್ರಹಕ್ಕೆ ಇಳಿಸಿತು. 1999ರ ರಾಷ್ಟ್ರೀಯ ಹಿರಿಯ ನಾಗರಿಕರ ನೀತಿಯಲ್ಲಿ ತಲೆಮಾರುಗಳ ನಂಟಿನ ಮಾತು ಸೇರಿತು. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2002ರಲ್ಲಿ ನಗರ ಪೊಲೀಸರೊಡನೆ ಹಿರಿಯರಿಗಾಗಿ 1090 ಸಹಾಯವಾಣಿ ತೆರೆಯಿತು. 2010ರಲ್ಲಿ ರಾಮಮೂರ್ತಿ ನಗರದ ನೆರೆಯ ಕಸ್ತೂರಿ ನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿ ಇದೇ ಟ್ರಸ್ಟಿನ ಆರೈಕೆ ಕೇಂದ್ರ ಬಂತು. ಇಂಥ ಕಡೆ ಯುವಕರಿಗೆ ಔಷಧಕ್ಕಿಂತ ದೊಡ್ಡ ಕೆಲಸವೆಂದರೆ ಒಂದೇ ಕಥೆಯನ್ನು ಹತ್ತನೇ ಸಲ ಹೊಸದೆಂಬಂತೆ ಕೇಳುವುದು. ಸುಲಭವಲ್ಲ.

ಎರಡು ತಲೆಮಾರನ್ನು ಒಂದೇ ಸೂರಿನಡಿ ತಂದವರೂ ಇದ್ದಾರೆ: ನೆದರ್‌ಲೆಂಡ್ಸಿನ ಡೆವೆಂಟರ್‌ನ ವೃದ್ಧಾಶ್ರಮವೊಂದು ಹಿರಿಯರೊಡನೆ ತಿಂಗಳಿಗೆ 30 ಗಂಟೆ ಕಳೆಯುವ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಟ್ಟಿತು. ರಾಮಮೂರ್ತಿ ನಗರದಲ್ಲಿ ಪಿಜಿ ಕಟ್ಟಡಕ್ಕೂ ನಿವೃತ್ತರ ಮನೆಗೂ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ.